ಆಧಾರ ಬೇಕು

ನಾನು ಸಾಲಿ ಬಿಟ್ಟದ್ದು ೧೯೯೧ರಲ್ಲಿ, ಬಬಲೇಶ್ವರದಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ದುಡಿಯುವ ಕೈ ಇದ್ದವನಿಗೆ ಓದು ಯಾಕೆ ಅನ್ನುವ ಸೊಕ್ಕು. ಆ ಸೊಕ್ಕು ಇವತ್ತಿಗೂ ಸ್ವಲ್ಪ ಉಳಿದಿದೆ, ಮುಚ್ಚಿಡುವುದಿಲ್ಲ. ಮೊನ್ನೆ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ನನ್ನ ಶೆಡ್ಡಿಗೆ ಬೀಗರೊಬ್ಬರು ಲಗ್ನಪತ್ರಿಕೆ ಕೊಡಲು ಬಂದಿದ್ದರು. ಪ್ರೆಸ್ಸಿನಿಂದ ನೇರ ತಂದದ್ದು, ಹಸಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅವರು ಚಹಾ ಕುಡಿದು ಎದ್ದು ಹೋದ ಮೇಲೂ ನಾನು ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ. ಆ ವಾಸನೆಗೆ ನನಗೆ ಅಕ್ಕೋರು ನೆನಪಾಗುತ್ತಾರೆ...

ಅಕ್ಕೋರು ಅಂದರೆ ಬಬಲೇಶ್ವರದ ಸಾಲಿಯಲ್ಲಿ ನಮಗೆ ಕನ್ನಡ ಕಲಿಸಿದವರು. ನಾನು ಬಿಟ್ಟ ಮೇಲೆ ಎರಡು ಸಲ ಮನಿತನಕ ಕರೆಯಲು ಬಂದಿದ್ದರು. ಎರಡೂ ಸಲ ನಾನು ಹಿತ್ತಲ ಬಾಗಿಲಿನಿಂದ ಓಡಿದ್ದೆ. ನಿವೃತ್ತಿಯಾದ ಮೇಲೆ ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಅಲ್ಲಿ ಕಂಪ್ಯೂಟರ್ ಕಲಿತು, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ದಿನಾ ಮಧ್ಯಾಹ್ನ ಎರಡು ತಾಸು, ಸಾಲಿಗೆ ಹೋದಷ್ಟೇ ನಿಷ್ಠೆಯಿಂದ.

ಒಂದು ದಿನ ಅವರು ತಿಕೋಟಾ ಬಸ್ಸಿಗೆ ಬಂದು ನನ್ನ ಶೆಡ್ಡಿನ ಮುಂದೆ ಇಳಿದರು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವುದರ ಬಗ್ಗೆ ಬರೆಯಬೇಕಾಗಿತ್ತಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಿತ್ತಲ ಬಾಗಲದಿಂದ ಓಡಿದಾವ ನೀನ ಅಲ್ಲೇನಲೇ?" ಅಂದರು. ಹೌದ್ರಿ ಅಂದೆ. "ಇವತ್ತ ಓಡಬ್ಯಾಡ. ನೀ ಹೇಳು, ನಾ ಬರಕೋತೀನಿ."

ಒಮ್ಮೆ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವನು ನಾನು. ಅವತ್ತು ಅವರು ಖಾಲಿ ಕ್ರೇಟು ಬೋರಲು ಹಾಕಿ ಕೂತು, ನಾನು ಹೇಳಿದ್ದನ್ನೆಲ್ಲ ನೋಟಬುಕ್ಕಿನಲ್ಲಿ ಬರೆದುಕೊಂಡರು. ಗೊಂಚಲನ್ನು ಯಾವ ನೀರಿನಲ್ಲಿ ಅದ್ದುತ್ತೇವೆ, ಜಾಳಿಗೆಯ ಮೇಲೆ ಎಷ್ಟು ತೆಳ್ಳಗೆ ಹರಡುತ್ತೇವೆ, ಮೋಡ ಬಂದರೆ ಯಾವ ಕಡೆಯ ಪರದೆ ಮೊದಲು ಇಳಿಸುತ್ತೇವೆ. ಕೊನೆಗೆ ಮುಷ್ಟಿಯ ಮಾತು ಹೇಳಿದೆ. ಒಣಗಿತೋ ಇಲ್ಲವೋ ತಿಳಿಯಲು ನಮಗೆ ಮಶೀನು ಬೇಡ. ಮುಷ್ಟಿ ತುಂಬ ಹಿಡಿದು ಹಿಚುಕಿ ಬಿಟ್ಟರೆ ಕಾಳು ತಾನಾಗಿ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳಬೇಕು. ಉಂಡೆಯಾಗಿ ಕೂತರೆ ಇನ್ನೊಂದು ದಿನ. ಅಕ್ಕೋರು ತಾವೂ ಒಂದು ಮುಷ್ಟಿ ಹಿಡಿದು ನೋಡಿ ನಕ್ಕರು. ವಾರದಲ್ಲಿ ಅದು ವಿಶ್ವಕೋಶದಲ್ಲಿ ಬಂತು. ಆಗ ಅಲ್ಲಿಯ ನಿಯಮ ಸಾದಾ ಇತ್ತು: ತಿಳಿದವರು ತಿಳಿದದ್ದು ಬರೆಯಿರಿ, ತಪ್ಪಿದ್ದರೆ ಮತ್ತೊಬ್ಬರು ತಿದ್ದುತ್ತಾರೆ. ನಾನು ಆ ಪುಟವನ್ನು ಮೊಬೈಲಿನಲ್ಲಿ ಊರಿಗೆಲ್ಲ ತೋರಿಸಿದೆ.

ಕೆಲವು ವರ್ಷಗಳ ಮೇಲೆ ಮುಷ್ಟಿಯ ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ ಎರಡು ಶಬ್ದ ಕಂಡವು: ಆಧಾರ ಬೇಕು. ನಾನು ತಡ ಮಾಡಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ನನ್ನ ಆಧಾರ್ ಕಾರ್ಡಿನ ಎರಡು ಝೆರಾಕ್ಸ್ ತೆಗೆಸಿ, ಸಹಿ ಮಾಡಿ, ಅಕ್ಕೋರ ಮನೆಗೆ ಒಯ್ದು ಕೊಟ್ಟೆ. ಅವರು ಮೊದಲು ಕಾಗದ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇದು ಆ ಆಧಾರ ಅಲ್ಲೋ, ಯಾವ ಪುಸ್ತಕದಲ್ಲಿ ಛಾಪಿಸಿದೆ ಅಂತ ಕೇಳುತ್ತಿದ್ದಾರೆ ಎಂದು ತಿಳಿಸಿದರು. ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು. "ಪುಸ್ತಕ ಯಾಕ್ರಿ, ನನ್ನ ಕೈ ಐತಲ್ಲ" ಅಂದೆ.

ಅಕ್ಕೋರು ಆ ನಿಯಮದ ಪರವಾಗಿಯೇ ಮಾತಾಡಿದರು. ಯಾರೋ ಒಬ್ಬಾತ ತನ್ನ ಮುತ್ತಜ್ಜ ಬಾದಶಹನ ಆನೆಗೆ ಹೆಸರಿಟ್ಟವನು ಅಂತ ಬರೆದಿದ್ದನಂತೆ. ಇಂಥವರು ಹೆಚ್ಚಾಗಿದ್ದಕ್ಕೇ ನಿಯಮ ಬಿಗಿಯಾಗಿದೆ, ತಪ್ಪೇನಿಲ್ಲ ಅಂದರು. ಅದು ವರ್ಷದಿಂದ ವರ್ಷಕ್ಕೆ ಇನ್ನೂ ಬಿಗಿಯಾಯಿತು. ಮೊದಲು ಆಧಾರವಿದ್ದರೆ ಒಳ್ಳೆಯದು ಅಂದರು, ಆಮೇಲೆ ಇರಲೇಬೇಕು ಅಂದರು, ಆಮೇಲೆ ಸ್ವಂತ ಅನುಭವ ನಡೆಯುವುದಿಲ್ಲ, ಛಾಪಿಸಿದ್ದೇ ಬೇಕು ಅಂದರು. ಅಕ್ಕೋರು ಒಂದಕ್ಕೆ ಹೊಂದಿಸುವಷ್ಟರಲ್ಲಿ ಮತ್ತೊಂದು ಬರುತ್ತಿತ್ತು. ಕಡೆಗೆ ಪುಟದ ತಲೆಯ ಮೇಲೆ ಸೂಚನೆ ಬಿತ್ತು: ಏಳು ದಿನದಲ್ಲಿ ಆಧಾರ ಕೊಡದಿದ್ದರೆ ಅಳಿಸಲಾಗುವುದು.

ಅಕ್ಕೋರು ಗ್ರಂಥಾಲಯಗಳನ್ನೆಲ್ಲ ಸುತ್ತಿದರು. ಅದ್ದುವುದಕ್ಕೆ ಆಧಾರ ಸಿಕ್ಕಿತು, ಹರಡುವುದಕ್ಕೂ ಸಿಕ್ಕಿತು. ಮುಷ್ಟಿ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಸಾಲುಗಳನ್ನು ತೆಗೆದರೆ ಉಳಿದ ಪುಟ ಬದುಕುತ್ತಿತ್ತು. ಬರೆದವರು ಅವರು, ತೆಗೆಯುವ ಹಕ್ಕು ಅವರದು. ಆದರೂ ಫೋನ್ ಮಾಡಿ ನನ್ನನ್ನು ಕೇಳಿದರು.

"ಮುಷ್ಟಿ ತಗಿಯೂಣೇನು ತಮ್ಮಾ?"

"ತಗೀಬ್ಯಾಡ್ರಿ. ಅದ ಒಂದ ನಂದು."

ಅವರು ಆಯ್ತು ಅಂದರು. ಆ ಆಯ್ತು ನನಗೆ ಇನ್ನೂ ಕೇಳಿಸುತ್ತದೆ...

ಛಾಪಿಸಿದ್ದೇ ಬೇಕಾದರೆ ಛಾಪಿಸಿದರಾಯಿತು ಅನ್ನಿಸಿತು ನನಗೆ. ಗಾಂಧಿ ಚೌಕದಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನ ಚಾಚಾನ ಹತ್ತಿರ ಹೋದೆ. ಅಕ್ಕೋರು ಬರೆದ ಪುಟವನ್ನೇ ತೋರಿಸಿ, ಇದ್ದದ್ದು ಇದ್ದ ಹಾಗೇ ಸಣ್ಣ ಪುಸ್ತಕ ಮಾಡು, ಮೇಲೆ ನನ್ನ ಹೆಸರು ಹಾಕು, ನೂರು ಪ್ರತಿ ಅಂದೆ. ಚಾಚಾ ಓದಿ, "ಲಗ್ನ ಮಣೂಕಂದ ಅಂತ ತಿಳೀತು. ವರ ಯಾರ್ರೀ?" ಅಂದ. ಮರುದಿನ ಹಸಿ ಮಸಿಯಲ್ಲೇ ಕಟ್ಟು ತಂದೆ. ಹಿಂದಿನ ರಟ್ಟಿನಲ್ಲಿ ಅಭ್ಯಾಸಬಲದಿಂದ "ಆಶೀರ್ವಾದವೇ ಉಡುಗೊರೆ" ಅಂತಲೂ ಬಿದ್ದಿತ್ತು. ಒಂದು ಪ್ರತಿಯನ್ನು ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಯವನಿಗೆ ಕೊಟ್ಟು, ಇದನ್ನು ಆಧಾರ ಅಂತ ಆ ಪುಟಕ್ಕೆ ಹಚ್ಚು ಅಂದೆ. ಅವನು ಹೊಸ ಖಾತೆ ತೆರೆದು, ಪುಸ್ತಕದ ಫೋಟೋ ಸಹಿತ ಹಚ್ಚಿದ. ಅಕ್ಕೋರಿಗೆ ಹೇಳಲಿಲ್ಲ. ಪುಟ ಉಳಿದ ಮೇಲೆ ಹೇಳಿ ಬೆರಗು ಮಾಡಬೇಕು ಅಂತಿತ್ತು.

ಎರಡು ದಿನಕ್ಕೆ ಪುಟ ಹೋಯಿತು. ಅಲ್ಲಿಯ ನಿರ್ವಾಹಕರಿಗೆ ಕಂಡದ್ದು ಇಷ್ಟು: ಲೇಖನ ಈ ಪುಸ್ತಕದಿಂದ ಅಕ್ಷರಕ್ಕೆ ಅಕ್ಷರ ಕದ್ದದ್ದು. ಹೊಸ ಖಾತೆ ಅಕ್ಕೋರೇ ಬೇರೆ ಹೆಸರಿನಲ್ಲಿ ತೆರೆದದ್ದು. ಲೇಖನ ಅಳಿಸಿದರು, ಅಕ್ಕೋರ ಖಾತೆ ಮುಚ್ಚಿದರು. ಅಷ್ಟು ವರ್ಷ ದಿನಾ ಮಧ್ಯಾಹ್ನ ಕೂತು ಬರೆದವರ ಹೆಸರಿನ ಮುಂದೆ ಕಳ್ಳತನ ಅಂತ ಬಿತ್ತು.

ಪುಸ್ತಕ ಹಿಡಿದು ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪುಸ್ತಕ ಇಸಕೊಂಡು, ಕೆಂಪು ಪೆನ್ನು ತೆಗೆದು, ಚಾಚಾ ಮಾಡಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, "ನಾ ಬ್ಯಾರೆ, ನೀ ಬ್ಯಾರೆ ಅಂತ ಅವರಿಗೆ ಹೆಂಗ ತೋರಸ್ಲಿ?" ಅಂದರು.

"ಆಧಾರ್ ಕಾರ್ಡ್ ಕೊಡ್ಲೇನ್ರಿ?"

ಚೇಷ್ಟೆಗೆ ಕೇಳಿದ್ದಲ್ಲ. ಅವರೂ ನಗಲಿಲ್ಲ. ಮೂರು ಸಲ ಮನವಿ ಬರೆದರು. ಮೂರು ಸಲವೂ ಒಂದೇ ಉತ್ತರ ಬಂತು, ಒಂದು ಶಬ್ದ ಸಹಿತ ಬದಲಾಗಿರಲಿಲ್ಲ. ನಾನು ಹೋಗಿ ಮಾತಾಡೋಣ ಅಂದರೆ ಅದಕ್ಕೊಂದು ಕಚೇರಿ ಇಲ್ಲ, ಬಾಗಿಲಿಲ್ಲ, ಎದುರಿಗೆ ಕೂತ ಸಾಹೇಬರಿಲ್ಲ. ಎಂಥ ಮೂಟೆ ಬೇಕಾದರೂ ಎತ್ತುವವನು ನಾನು. ಇದನ್ನು ಎಲ್ಲಿ ಹಿಡಿದು ಎತ್ತಬೇಕು ಅಂತಲೇ ತಿಳಿಯಲಿಲ್ಲ. ಅಕ್ಕೋರು ಮಧ್ಯಾಹ್ನ ಮಲಗುವುದನ್ನು ರೂಢಿ ಮಾಡಿಕೊಂಡರು. ಎರಡು ವರ್ಷದ ಮೇಲೆ ತೀರಿಕೊಂಡರು.

ಈ ಹಂಗಾಮಿಗೆ ಕಾಲೇಜಿನಲ್ಲಿ ಕಲಿಸುವ ಬಾಯಾರೊಬ್ಬರು ಶೆಡ್ಡಿಗೆ ಬಂದಿದ್ದರು. ಆ ವಿಶ್ವಕೋಶದಲ್ಲಿ ನಿಯಮ ಬದಲಾಗಿದೆಯಂತೆ. ಪುಸ್ತಕದಲ್ಲಿ ಇಲ್ಲದ ಕಸುಬಿಗೆ, ಮಾಡುವವರ ಮಾತನ್ನೇ ರೆಕಾರ್ಡ್ ಮಾಡಿ ಆಧಾರ ಕೊಡಬಹುದಂತೆ. ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಮುಚ್ಚಿದ ಖಾತೆ ಈಗ ತೆರೆಯುತ್ತಾರೇನು ಅಂತ ಕೇಳಿದೆ. ಅದು ಬೇರೆ ನಿಯಮ ಅಂದರು. ನಾನು ಅದ್ದುವುದರಿಂದ ಹಿಡಿದು ಪರದೆಯ ತನಕ ಹೇಳಿದೆ. ಮುಷ್ಟಿಯ ಮಾತು ಬಂದಾಗ ಅದನ್ನು ಹೇಳದೆ ಮೊಬೈಲು ಸರಿಸಿ, ಇಷ್ಟೇ ಬಾಯಾರ ಅಂದೆ. ಅವರು ಆಭಾರ ಹೇಳಿ ಹೋದರು.

ಈಗ ನನ್ನ ಹತ್ತಿರ ಎರಡು ಶೆಡ್ ಇವೆ, ಒಂದು ಟೆಂಪೊ ಇದೆ, ಹನ್ನೊಂದು ಮಂದಿ ಕೆಲಸಕ್ಕಿದ್ದಾರೆ. ಆ ನೂರರಲ್ಲಿ ಉಳಿದ ಪುಸ್ತಕ ತೊಂಬತ್ತೆಂಟು.