ಜಾಕ್ ಮೇಸ್ತ್ರಿಯವರ ಸಮಾಧಾನವಿಲ್ಲದ ನಿವೃತ್ತಿ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಹಾಸಿಗೆ ಒಲೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಪ್ರವಾಸಿ ಟ್ರೇಲರುಗಳ ರಿಪೇರಿಯನ್ನು ಒಂದು ವಿದ್ಯೆಯೆಂದು ಒಪ್ಪುವುದಾದರೆ, ಆ ವಿದ್ಯೆಯ ಹಿರಿಯರ ಸಾಲಿನಲ್ಲಿ ನಮ್ಮ ಜಾಕ್ ಮೇಸ್ತ್ರಿಯವರಿಗೆ ಮೊದಲ ಸ್ಥಾನ ಸಲ್ಲಬೇಕು. ಆ ಸ್ಥಾನದಲ್ಲಿ ಅವರು ಒಂದು ಗಳಿಗೆ ನೆಟ್ಟಗೆ ನಿಂತದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅವರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು.

ಟೈರ್ ಬಿಚ್ಚುವ ಕೆಲಸಕ್ಕೆ ಸೇರಿ ವರ್ಕ್‌ಶಾಪಿನ ಮುಖ್ಯಸ್ಥರಾಗುವವರೆಗೆ ಅವರು ಒಂದು ಕ್ರಮವನ್ನು ಬಿಟ್ಟುಕೊಡಲಿಲ್ಲ. ಗಾಡಿ ಗಟ್ಟಿ ನೆಲದ ಮೇಲಿರಬೇಕು. ಎತ್ತದಿರುವ ಆಚೆ ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟಿರಬೇಕು. ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಬೇಕು. ಗಾಡಿ ಎತ್ತುವ ಜಾಕ್ ಅಚ್ಚಿನ ಕೆಳಗಲ್ಲ, ಚಾಸಿಯ ದಪ್ಪ ಕಬ್ಬಿಣದ ಕೆಳಗೆ ಕೂರಬೇಕು. ಭಾರವನ್ನು ಸ್ಟ್ಯಾಂಡಿಗೆ ಇಳಿಸುವ ಮೊದಲು ಯಾರೂ ತಲೆ ತೂರಿಸಕೂಡದು. ಟ್ರೇಲರಿನ ಮೂಲೆಗಳಲ್ಲಿರುವ ಸಣ್ಣ ಕಾಲುಗಳಿಂದಲೇ ಗಾಡಿ ಎತ್ತಹೊರಟವರಿಗೆ, “ಅದು ಗಾಡಿ ಅಲ್ಲಾಡದೆ ಇರೋಕಪ್ಪ, ಹೊರೋಕಲ್ಲ” ಎನ್ನುತ್ತಿದ್ದರು.

ಈಗ ಅವರ ಸ್ಥಾನದಲ್ಲಿರುವ, ಎಲ್ಲರೂ ಬ್ರೇಕಕ್ಕ ಎಂದು ಕರೆಯುವ ಹೆಣ್ಣುಮಗಳು ಹೊಸದಾಗಿ ಬಂದಾಗ, ಆಕೆ ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಹೋಗಲು ಉಳಿದವರು ಮೀನಮೇಷ ಎಣಿಸಿದರು. ಮೇಸ್ತ್ರಿಯವರು ಚಾಪೆ ಹಾಸಿ ಒಳಗೆ ಸರಿದು, ಅಲ್ಲಿಂದಲೇ ಸ್ಪ್ಯಾನರ್ ಕೇಳಿದರು. ಅಕ್ಕ ಆ ಋಣವನ್ನು ಮರೆತವರಲ್ಲ. ಅದಕ್ಕೇ ಮುಂದೊಂದು ದಿನ ಆಡಬೇಕಾಗಿ ಬಂದ ಮಾತು ಅವರಿಗೆ ಅಷ್ಟು ಕಷ್ಟವಾಯಿತು.

ನಿವೃತ್ತಿಯ ಮರುದಿನದಿಂದಲೇ ಮೇಸ್ತ್ರಿಯವರು ಮತ್ತೆ ಬರತೊಡಗಿದರು. “ಮನೇಲಿದ್ರೆ ಗೋಡೆ ಗಡಿಯಾರ ಬಿಚ್ಚಿ ಹಾಕ್ತಾರೆ ಕಣಮ್ಮ, ಅಲ್ಲಾದ್ರೂ ಇರ್ಲಿ ಬಿಡು” ಎಂದು ಅವರ ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಹೇಳಿದರು. ಮೇಸ್ತ್ರಿಯವರು ಪ್ರತಿ ಗಾಡಿಯ ಸುತ್ತ ತಿರುಗುವರು, ಬಗ್ಗುವರು, ಏಳುವರು, ಮತ್ತೆ ಬಗ್ಗುವರು. ಅಕ್ಕನಿಗೂ ಕೂತಲ್ಲಿ ಕೂರಲಾಗದು. ಸ್ಟ್ಯಾಂಡ್ ಎಲ್ಲಿದೆ ಎನ್ನುವುದಕ್ಕಿಂತ ಮೇಸ್ತ್ರಿ ಎಲ್ಲಿದ್ದಾರೆ ಎಂದು ನೋಡುವುದೇ ಅವರಿಗೆ ರೂಢಿಯಾಯಿತು.

ಒಂದು ಬೆಳಿಗ್ಗೆ ಜಾಕ್ ಏರುತ್ತಿದ್ದಂತೆ ಟ್ರೇಲರ್ ಮೆಲ್ಲಗೆ ಮುಂದೆ ಜರುಗಿತು. ಜಾಕ್ ವಾಲಿ ಗಾಡಿ ಧೊಪ್ಪನೆ ಕೂತಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಆಚೆ ಚಕ್ರಗಳಿಗೆ ಮರದ ತುಂಡೇ ಕೊಟ್ಟಿರಲಿಲ್ಲ. ಮೇಸ್ತ್ರಿ ಆಗಷ್ಟೇ ಸುತ್ತು ಹಾಕಿದ್ದರಿಂದ ಎಲ್ಲ ಸರಿಯಿದೆಯೆಂದು ಟೈರ್ ಬಿಚ್ಚುವವನು ನಂಬಿದ್ದ; ಟೈರಿನವನು ಕೊಟ್ಟೇ ಇರುತ್ತಾನೆಂದು ಮೇಸ್ತ್ರಿ ಈಚೆ ಬದಿಯನ್ನಷ್ಟೇ ನೋಡಿದ್ದರು.

ಅಕ್ಕ ಅವರನ್ನು ಸಾಮಾನು ಕೋಣೆಗೆ ಕರೆದೊಯ್ದರು. “ಮೇಸ್ತ್ರೇ, ನೀವು ನೋಡ್ತೀರಿ ಅಂತ ಇಲ್ಲಿ ಯಾರೂ ನೋಡ್ತಿಲ್ಲ. ನಾನೂ ನೋಡ್ಲಿಲ್ಲ. ಇನ್ಮೇಲೆ ನೀವು ಬರಬೇಡಿ.” ಹೇಳುವಷ್ಟರಲ್ಲಿ ತನ್ನ ಮೇಲೆಯೇ ಅವರಿಗೆ ಅಸಹ್ಯವಾಯಿತು.

ಮೇಸ್ತ್ರಿಯವರು ಶುಭ್ರವಾಗಿದ್ದ ಕೈಗಳನ್ನೇ ಬಹಳ ಹೊತ್ತು ಒರೆಸಿಕೊಂಡರು. “ಸರಿ ಕಣಮ್ಮ. ಇದನ್ನ ನಾನೇ ಹೇಳ್ಬೇಕಿತ್ತು” ಎಂದು ಹೊರಟರು. ಅಕ್ಕ ಹಿಂತಿರುಗಿದಾಗ ಕೆಲಸದವರೆಲ್ಲ ನೆಲಕ್ಕೆ ಕೆನ್ನೆ ಹಚ್ಚಿ ಆಚೆ ಬದಿಯ ಚಕ್ರಗಳನ್ನು ಇಣುಕುತ್ತಿದ್ದರು.

ಮೇಸ್ತ್ರಿಯವರಿಗೆ ತುಂಬು ಆಯುಸ್ಸು, ಗಟ್ಟಿ ಮೊಣಕಾಲು, ಕೈತುಂಬ ಕೆಲಸ ಒದಗಲಿ. ದಂಪತಿಗಳು ತಮ್ಮದೇ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತಲಿ. ಬ್ರೇಕ್ ಸದ್ದು ಮಾಡಿದರೆ ಇಲ್ಲಿಗೇ ತರಲಿ. ಬೇಕಿದ್ದರೆ ಬೀದಿಯಲ್ಲಿ ಶತಪಥ ಹಾಕಲಿ; ಅಕ್ಕ ಬ್ರೇಕ್ ಸರಿಮಾಡಿ ಮುಗಿಸುವವರೆಗೆ ಗೇಟಿನೊಳಗೆ ಮಾತ್ರ ಬಾರದಿರಲಿ.