ಏಳನೇ ಪಾಕೀಟು

ಅಕ್ಕಿಆಲೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಪ್ರಿಂಟಿಂಗ್ ಅಂಗಡಿಯಲ್ಲಿ ನಮ್ಮ ಶೈಲಶ್ರೀ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಮುಂದೆ ಕುಳಿತಿದ್ದಾಳೆ. ಊರಿನ ಅರ್ಧ ಲಗ್ನಪತ್ರಿಕೆ ಅವಳ ಕೈಯಲ್ಲೇ ಆಗಿದ್ದು. ಹುಟ್ಟುಹಬ್ಬದ ಬ್ಯಾನರಿನಲ್ಲಿ ಎಂಥ ಕರಿ ಮೋರೆಯನ್ನೂ ಬೆಳ್ಳಗೆ ಮಾಡಿಕೊಡುತ್ತಾಳೆ. ಸಂಜೆಯಾದರೆ ಕಣ್ಣು ಉರಿಯುತ್ತವೆ, ಬೆನ್ನು ಮಾತು ಕೇಳುವುದಿಲ್ಲ. ಯಾರಾದರೂ ‘ಚಂದ ಮಾಡ್ರಿ’ ಎಂದರೆ ಸಾಕು, ಅವಳಿಗೆ ಸಿಟ್ಟು ಬರುತ್ತದೆ.

ಅದೇ ಮಾತು ಹಿಡಿದು ತಿಳವಳ್ಳಿಯಿಂದ ಸುಶೀಲವ್ವ ಬಂದರು, ಕೈಯಲ್ಲಿ ಕಪ್ಪು ಅಕ್ಕಿಯ ಚೀಲ. ಗಂಡ ಉಳಿವೆಪ್ಪನನ್ನು ಕಾಡಿ ಬೇಡಿ ಒಂದು ಎಕರೆಯಲ್ಲಿ ಬೆಳೆದದ್ದು. ಶಿಗ್ಗಾಂವದ ಸೂಪರ್ ಮಾರ್ಕೆಟ್ಟೊಂದು ಯುಗಾದಿವರೆಗೆ ಪಾಕೀಟು ಇಡಲು ಜಾಗ ಕೊಟ್ಟಿತ್ತು. ಅಷ್ಟರೊಳಗೆ ಮಾರಿ ಹೋಗದಿದ್ದರೆ ಮುಂದಿನ ಮಳೆಗಾಲಕ್ಕೆ ಕಪ್ಪು ಭತ್ತ ಬಿತ್ತುವುದಿಲ್ಲ, ಅದು ಉಳಿವೆಪ್ಪನ ಕಡೇ ಮಾತು.

“ಮಂದಿ ಇದನ್ನ ನೋಡಿ ಕೆಟ್ಟೈತಿ ಅಂತಾರ ಯವ್ವಾ. ಒಂದೀಟ ಚಂದ ಮಾಡಿಕೊಡು. ಇದು ನಿನ್ನ ಪಾಲಿಂದು, ಮನ್ಯಾಗ ಉಂಡ ನೋಡು,” ಎಂದು ಸುಶೀಲವ್ವ ಒಂದು ಸೇರು ಅಕ್ಕಿ ಮೇಜಿನ ಮೇಲಿಟ್ಟರು.

ಶೈಲಶ್ರೀ ಅದನ್ನು ಒಯ್ದು ಡಬ್ಬಿಗೆ ಸುರುವಿ ಮರೆತಳು. ನೋಡಿದರೆ ಅವಳಿಗೂ ಇಲಿ ಹಿಕ್ಕೆಯೇ ನೆನಪಾಗುತ್ತಿತ್ತು. ಪಾಕೀಟು ಮಾತ್ರ ಮಾಡಿದ್ದೇ ಮಾಡಿದ್ದು. ಹಸಿರು ಹೊಲ ಹಾಕಿದಳು, ಹೋಗಲಿಲ್ಲ. ಬಂಗಾರದ ಅಂಚು ಕೊಟ್ಟಳು, ನಗುವ ಅಜ್ಜಿಯನ್ನು ಕೂರಿಸಿದಳು. ‘ರಾಜರ ಊಟ’ ಎಂದೂ ಬರೆದಳು, ಯಾವ ರಾಜ ಉಂಡಿದ್ದನೋ ಅವಳಿಗೇ ಗೊತ್ತಿಲ್ಲ. ಹೀಗೆ ಆರಾದವು. ಪ್ರತಿ ಸಲವೂ ಸುಶೀಲವ್ವ ಬಸ್ಸು ಹತ್ತಿ ಬರುತ್ತಿದ್ದರು, ಒಂದು ಗಡುಸು ಮಾತಿಲ್ಲ. ಆ ತಾಳ್ಮೆಯೇ ಶೈಲಶ್ರೀಯನ್ನು ಇನ್ನಷ್ಟು ದಣಿಸುತ್ತಿತ್ತು.

ಯುಗಾದಿಗೆ ಹತ್ತು ದಿನವಿದ್ದಾಗ ಅವಳೇ ಶಿಗ್ಗಾಂವಕ್ಕೆ ಹೋಗಿ ಆರನೇ ಪಾಕೀಟಿನ ಎದುರು ನಿಂತಳು. ಒಬ್ಬಾಕೆ ಅದನ್ನು ಕೈಗೆತ್ತಿಕೊಂಡಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ಓದಿದಳು, ಬುಡವನ್ನೂ ನೋಡಿದಳು, ಬೇಕಾದದ್ದು ಸಿಗದವಳಂತೆ ತಿರುಗಿ ಇಟ್ಟಳು. ಬಣ್ಣವೇ ಸರಿಯಾಗಿಲ್ಲ ಎಂದುಕೊಂಡು ಶೈಲಶ್ರೀ ಬಸ್ಸು ಹತ್ತಿದಳು.

ಮನೆಯಲ್ಲಿ ಅಕ್ಕಿ ತೀರಿತ್ತು. ಮತ್ತೆ ಅಂಗಡಿಗೆ ಹೋಗಲು ಕಾಲಲ್ಲಿ ಜೀವವಿರಲಿಲ್ಲ. ಕಪ್ಪು ಅಕ್ಕಿಯ ಡಬ್ಬಿ ಇಳಿಸಿ, ತೊಳೆದು, ಕುಕ್ಕರಿಗೆ ಹಾಕಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ಸುಶೀಲವ್ವನಿಗೆ ಫೋನ್ ಹಚ್ಚಿದಳು.

“ಅವ್ವಾರ, ನಿಮ್ಮ ಅಕ್ಕಿಗೆ ನೀರ ಎಷ್ಟ ಹಾಕಬೇಕ್ರಿ? ಎಷ್ಟ ಸೀಟಿ?”



“ಮೊದಲ ನೆನಿ ಇಡಬೇಕವಾ. ಒಂದಕ್ಕ ಮೂರ ನೀರು, ಆರ ಸೀಟಿ. ಅದನ್ನೆಲ್ಲಾ ನೀ ಪಾಕೀಟಿನ ಮ್ಯಾಲ ಬರದೀಯಲ್ಲ?”

ಸುಶೀಲವ್ವನಿಗೆ ಓದಲು ಬರುವುದಿಲ್ಲ. ಅಷ್ಟೊಂದು ಅಕ್ಷರದಲ್ಲಿ ಅದೂ ಇದೆಯೆಂದೇ ಅವರು ಆರೂ ಪಾಕೀಟು ಒಪ್ಪಿಕೊಂಡಿದ್ದರು.

“ಇಲ್ರೀ ಅವ್ವಾರ, ಬರದಿಲ್ಲ,” ಎಂದು ನಾಚುತ್ತಲೇ ಶೈಲಶ್ರೀ ಏಳನೇ ಪಾಕೀಟಿಗೆಂದು ನೀರು, ಸೀಟಿಯ ಲೆಕ್ಕ ಬರೆದುಕೊಂಡಳು. ಶಿಗ್ಗಾಂವದಲ್ಲಿ ಆ ಹೆಂಗಸು ಪಾಕೀಟು ತಿರುಗಿಸಿ ಹುಡುಕಿದ್ದೂ ಇದನ್ನೇ ಇರಬೇಕು. ಯುಗಾದಿಗೆ ಇನ್ನು ಹತ್ತೇ ದಿನ ಇತ್ತು.