ಅವರು ಒತ್ತದೆ ಬಿಟ್ಟ ಪದ

ನಾನು ನಿಂತಿದ್ದು ಮೇಡಂ ಅವರ ಕುರ್ಚಿಯ ಎಡಗಡೆ, ಕಂಪ್ಯೂಟರಿನ ಪರದೆ ಪೂರ್ತಿ ಕಾಣುವಷ್ಟು ಹತ್ತಿರ. ಕಾಲುವೆ ಏರಿ ಒಡೆದ ಮರುವಾರ, ಸೋಮವಾರ ಬೆಳಿಗ್ಗೆ. ಮೇಡಂ ಅವರ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಕೀಲಿ ಒತ್ತುವಾಗ ಬೆರಳನ್ನು ಓರೆ ಮಾಡುತ್ತಿದ್ದರು.

ಶಹಾಪುರದ ಆ ಸಣ್ಣ ನೀರಾವರಿ ಕಚೇರಿಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರೇ. ಕಾಲುವೆಯ ಅರ್ಜಿ, ವರದಿಗಳೆಲ್ಲ ಅದರಲ್ಲಿದ್ದವು. ಒಂದು ಪದ ಹಾಕಿ ಹುಡುಕಿದರೆ, ಕೆಳಗೆ ಅದೇ ಅರ್ಥದ ಬೇರೆ ಪದಗಳ ಸಾಲೊಂದು ಬರುತ್ತಿತ್ತು. ರೈತರು "ತೂಬಿಂದು ಅರ್ಜಿ ಕೊಟ್ಟಿದ್ನೆಲ್ರಿ" ಎನ್ನುವರು. "ತೂಬು" ಹಾಕಿದರೆ ಏನೂ ಇಲ್ಲ. ಮೇಡಂ ಕೆಳಸಾಲಿನ "ಗೇಟು" ಒತ್ತುವರು, ಅರ್ಜಿ ಬರುವುದು.

"ಇದು ಹೊಸಾ ಸೊಸಿ ಇದ್ದಂಗ," ಎಂದು ನಗುವರು. "ನೇರ ಕೇಳಿದ್ರ ಬಾಯಿ ಬಿಡಂಗಿಲ್ಲ, ಬಳಗದ ಕಡಿಂದ ಕೇಳಿಸಬೇಕು. ಇದು ಇಲ್ಲ ಅಂತು ಅಂತ ಯಾರನ್ನೂ ವಾಪಸ್ ಕಳಸಬ್ಯಾಡೋ ತಮ್ಮಾ."

ಅಂದು ಎದುರಿಗೆ ಕಾಲುವೆಯ ಕಾವಲುಗಾರ ಹೆಂಡತಿಯೊಡನೆ ನಿಂತಿದ್ದ. ಏರಿ ಕೆಟ್ಟಿದ್ದನ್ನು ಮೊದಲೇ ತಿಳಿಸಲಿಲ್ಲವೆಂದು ಅವನನ್ನು ಕೆಲಸದಿಂದ ತೆಗೆಯುವವರಿದ್ದರು. ಪಕ್ಕದಲ್ಲಿ ಕಚೇರಿಯ ಸಾಹೇಬರು ಕುಳಿತಿದ್ದರು. ಅವನು ಮೊದಲೇ ಕೊಟ್ಟ ವರದಿ ಸಿಕ್ಕರೆ, ತಿಳಿದೂ ಏರಿ ಸರಿ ಮಾಡಿಸದ ತಪ್ಪು ಸಾಹೇಬರದಾಗುತ್ತಿತ್ತು.

"ಬರಸಿ ಕೊಟ್ಟೀನ್ರಿ, ಏರಿ ಜಿನಗಾಕತ್ತೈತಿ ಅಂತ," ಎಂದ ಕಾವಲುಗಾರ.

ಮೇಡಂ "ಜಿನುಗು" ಹಾಕಿದರು. ಏನೂ ಬರಲಿಲ್ಲ. ಕೆಳಸಾಲಿನಲ್ಲಿ "ಸೋರಿಕೆ" ಬಂತು. ನಾನು ಓದಿದೆ. ಅವರ ಕಣ್ಣೂ ಅಲ್ಲಿ ನಿಂತಿತು. ಬೆರಳು ಹೋಗಲಿಲ್ಲ.

"ಇಲ್ಲಪಾ."

"ಮೇಡಂ, ಕೆಳಗ ಸೋರಿಕೆ ಅಂತ ಐತ್ರಿ," ಎಂದೆ.

"ಅಂವಾ ಕೇಳಿದ್ದು ಹುಡಕೀನಿ. ನೀ ಸುಮ್ನಿರು." ಪುಟ ಮುಚ್ಚಿದರು.

"ಇನ್ನೊಮ್ಮಿ ನೋಡ್ರಿ ಅಕ್ಕಾ," ಎಂದಳು ಹೆಂಡತಿ. "ಎರಡು ಸಲ ನೋಡಿದ್ರ ಸವದು ಹೋಗ್ತೈತೇನು ಅದು?"

ಸಾಹೇಬರು ಇಬ್ಬರನ್ನೂ ಹೊರಗೆ ಕಳಿಸಿದರು.

ಮಧ್ಯಾಹ್ನ ನಾನೇ ಆ ಪದ ಒತ್ತಿದೆ. ವರದಿ ಬಂತು; ಅವನ ಹೆಬ್ಬೆಟ್ಟು, ಏರಿ ಒಡೆಯುವ ಮೊದಲಿನ ತಾರೀಖು. ಪ್ರತಿ ತೆಗೆದು ಕಾವಲುಗಾರನಿಗೆ ಕೊಟ್ಟೆ. ಅವನು ಅದನ್ನು ಹಿಡಿದು ವಿಚಾರಣೆಗೆ ಹೋಗುವಷ್ಟರಲ್ಲಿ ಮೂಲವೇ ಕಂಪ್ಯೂಟರಿನಲ್ಲಿ ಇರಲಿಲ್ಲ. ಪ್ರತಿ ಸುಳ್ಳೆಂದರು. ಕೆಲಸ ಹೋಯಿತು. ಅಳಿಸಿದವರನ್ನು ನಾನು ನೋಡಿಲ್ಲ. ಹಾಗಾಗಿ ಹೆಸರು ಹೇಳುವುದಿಲ್ಲ. ನೋಡಿದ್ದು ಆ ಬೆರಳು ನಿಂತದ್ದನ್ನು.

ಮೇಡಂ ತೀರಿಕೊಂಡಾಗ ಸುರಪುರದ ಅವರ ಮನೆಗೆ ಹೋಗಿದ್ದೆ. ಎಷ್ಟು ಮಂದಿಯ ಅರ್ಜಿ ಹುಡುಕಿಕೊಟ್ಟ ಕೈ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅದು ನಿಜ. ನಾನು ಇವತ್ತು ತಿನ್ನುವ ಅನ್ನ ಅವರು ಕಲಿಸಿದ ವಿದ್ಯೆಯದು, ಅದೂ ನಿಜ. ಆದರೂ ಅಳು ಬರಲಿಲ್ಲ.

ಸಾಹೇಬರು ಈಗಿಲ್ಲ. ಕಾವಲುಗಾರನೂ ಇಲ್ಲ. ಅವನ ಹೆಂಡತಿ ನಾರಾಯಣಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಂದು ನಿಂತಲ್ಲಿಂದ ಆಕೆಗೆ ಪರದೆ ಕಾಣುತ್ತಿರಲಿಲ್ಲ. ಮೇಡಂ ಮುಖ ಕಾಣುತ್ತಿತ್ತು.